ಹಾಲಿ ಸಿಕ್ಕಾ ರೂಪಾಯಿ: ಮಿತವ್ಯಯಿ ಸಂಗ್ರಾಹಕನಿಗೊಂದು ಬೆಳ್ಳಿಯ ನಾಣ್ಯ

೧

ಶಾಸನವನ್ನು ಓದಬೇಕೆನ್ನುವವನು ಶಿಲೆಯಿರುವಲ್ಲಿಗೆ ಹೋಗಬೇಕು. ಓಲೆಗರಿಯನ್ನು ಓದಬೇಕೆನ್ನುವವನು ಗ್ರಂಥಭಂಡಾರದ ಬಾಗಿಲನ್ನು ಕಾಯಬೇಕು. ಇತಿಹಾಸದ ಮೂಲಸಾಮಗ್ರಿಗಳ ಪೈಕಿ ಸಾಮಾನ್ಯ ಗೃಹಸ್ಥನು ತನ್ನ ಸಂಬಳದ ಹಣದಿಂದ ಕೊಂಡು, ತನ್ನ ಮೇಜಿನ ಮೇಲಿಟ್ಟುಕೊಂಡು, ಬಿಡುವಾದಾಗ ಓದಬಹುದಾದುದು ನಾಣ್ಯವೊಂದೇ ಎಂದರೆ ಅತಿಶಯೋಕ್ತಿಯಲ್ಲ. ಈ ಕಾರಣದಿಂದಲೇ ನಗರದ ಕನ್ನಡ ಮಿತ್ರರಲ್ಲಿ ಹಲವರು ಆಗಾಗ ಒಂದು ಪ್ರಶ್ನೆಯನ್ನು ಕೇಳುವುದುಂಟು: ಹೆಚ್ಚು ಹಣ ತೊಡಗಿಸಲಾರದವನು ಒಂದೇ ಒಂದು ಹಳೆಯ ಬೆಳ್ಳಿಯ ನಾಣ್ಯವನ್ನು ಸಂಪಾದಿಸುವುದಾದರೆ ಯಾವುದನ್ನು ಆರಿಸಿಕೊಳ್ಳಬೇಕು?

ಪ್ರಶ್ನೆ ಚಿಕ್ಕದಾದರೂ ಅದರ ಉತ್ತರ ಬೇಡುವ ವಿಚಾರ ಚಿಕ್ಕದಲ್ಲ. ಹೈದರಾಬಾದಿನಲ್ಲಿ ನೆಲಸಿರುವ ಕನ್ನಡಿಗನಿಗೆ, ಅದರಲ್ಲಿಯೂ ರಾಯಚೂರು, ಕಲಬುರ್ಗಿ, ಬೀದರ ಜಿಲ್ಲೆಗಳೊಡನೆ ಸಂಬಂಧವುಳ್ಳವನಿಗೆ, ನಿಜಾಮ ಸಂಸ್ಥಾನದ ಹಾಲಿ ಸಿಕ್ಕಾ ರೂಪಾಯಿ, ವಿಶೇಷವಾಗಿ ಚಾರ್‌ಮಿನಾರಿನ ಚಿತ್ರವುಳ್ಳ ರೂಪಾಯಿ, ಎಲ್ಲ ದೃಷ್ಟಿಯಿಂದಲೂ ತಕ್ಕ ಆಯ್ಕೆಯೆಂಬುದು ಈ ಲೇಖನದ ಪ್ರತಿಪಾದನೆ. ಇದರ ಜೊತೆಗೆ, ನಮ್ಮ ಹಿರಿಯರಲ್ಲಿ ರೂಢಿಯಾಗಿದ್ದ ಒಂದು ಅಭಿಪ್ರಾಯವನ್ನೂ ಪರಿಶೀಲಿಸಬೇಕಾಗಿದೆ. ಹಾಲಿ ರೂಪಾಯಿಯೆಂದರೆ ಕಳಪೆ ನಾಣ್ಯ, ಕಲದಾರ್ ರೂಪಾಯಿಯೇ ನಿಜವಾದ ಹಣ ಎಂಬುದು ಆ ಅಭಿಪ್ರಾಯ. ಇದು ಎಷ್ಟರಮಟ್ಟಿಗೆ ನಿಜವೆಂಬುದನ್ನು ನಾಣ್ಯವನ್ನೇ ತೂಗಿ ನೋಡಿ ನಿರ್ಣಯಿಸಬಹುದು.

೨

ಮೊದಲು ಇತರ ನಾಣ್ಯಗಳ ಯೋಗ್ಯತೆಯನ್ನು ಸಂಕ್ಷೇಪವಾಗಿ ಅವಲೋಕಿಸೋಣ. ಕನ್ನಡ ನಾಡಿನ ನಾಣ್ಯಪರಂಪರೆ ಮುಖ್ಯವಾಗಿ ಸುವರ್ಣಪರಂಪರೆ. ಶಾಸನಗಳಲ್ಲಿ ಬರುವ ಗದ್ಯಾಣ, ಪಣ, ಹಾಗಗಳೂ, ವಿಜಯನಗರದ ವರಹವೂ ಹೊನ್ನಿನ ಲೆಕ್ಕದವು. ಇವು ಮಧ್ಯಮವರ್ಗದ ಸಂಗ್ರಾಹಕನ ಕೈಗೆ ಎಟುಕುವಂತಹವಲ್ಲ. ಬೆಳ್ಳಿಯಲ್ಲಿ ಅತಿ ಪ್ರಾಚೀನವಾದವು ಮುದ್ರಾಂಕಿತ ಕಾರ್ಷಾಪಣಗಳು. ಎರಡು ಸಾವಿರ ವರ್ಷಗಳಿಗೂ ಮೀರಿದ ಪ್ರಾಯದ ವಸ್ತು ಅಂಗೈ ಮೇಲಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಇವುಗಳ ಮೇಲೆ ಅಕ್ಷರವಿಲ್ಲ; ಚಿಹ್ನೆಗಳನ್ನು ಬಿಡಿಸುವುದು ತಜ್ಞರ ಕೆಲಸ; ಕೃತಕ ನಾಣ್ಯಗಳೂ ಪೇಟೆಯಲ್ಲಿ ಹೇರಳವಾಗಿವೆ.

ಬಹಮನಿ ಸುಲ್ತಾನರ ಬೆಳ್ಳಿಯ ಟಂಕ ಕನ್ನಡಿಗನಿಗೆ ಇನ್ನೂ ಹತ್ತಿರದ್ದು. ೧೩೪೭ರಲ್ಲಿ ಸ್ಥಾಪಿತವಾದ ಈ ರಾಜ್ಯದ ಮೊದಲ ರಾಜಧಾನಿ ಕಲಬುರ್ಗಿ. ಟಂಕದ ಮೇಲೆ ಅದು ಅಹ್ಸನಾಬಾದ್ ಎಂದು ಕಾಣಿಸಿಕೊಳ್ಳುತ್ತದೆ. ಮುಂದೆ ರಾಜಧಾನಿ ಬೀದರಕ್ಕೆ ಸಾಗಿದ ಮೇಲೆ ಮುಹಮ್ಮದಾಬಾದ್ ಎಂಬ ಹೆಸರು ಬರುತ್ತದೆ. ನಮ್ಮ ಎರಡು ನಗರಗಳ ಹೆಸರನ್ನು ಬೆಳ್ಳಿಯ ಮೇಲೆ ಓದುವ ಈ ಅವಕಾಶ ಅಪೂರ್ವವಾದುದು. ಆದರೆ ಒಳ್ಳೆಯ ಟಂಕದ ಬೆಲೆ ಚಾರ್‌ಮಿನಾರ್ ರೂಪಾಯಿಯ ಬೆಲೆಗಿಂತ ಬಹಳ ಮೇಲಿರುತ್ತದೆ. ಅಗ್ಗವಾಗಿ ಸಿಕ್ಕುವುದರಲ್ಲಿ ಟಂಕಸಾಲೆಯ ಹೆಸರೋ ವರ್ಷವೋ ಅಂಚಿನಾಚೆಗೆ ಹೋಗಿ ಅಳಿಸಿರುತ್ತದೆ. ಔರಂಗಜೇಬನು ೧೬೮೬ರಲ್ಲಿ ಬಿಜಾಪುರವನ್ನೂ ೧೬೮೭ರಲ್ಲಿ ಗೋಲ್ಕೊಂಡವನ್ನೂ ಗೆದ್ದ ಮೇಲೆ ದಖ್ಖನದ ಟಂಕಸಾಲೆಗಳಲ್ಲಿ ಹೊಡೆಯಿಸಿದ ಮೊಗಲ ರೂಪಾಯಿಗಳಿಗೂ ಈ ಮಾತು ಬಹುಮಟ್ಟಿಗೆ ಅನ್ವಯಿಸುತ್ತದೆ.

ಬ್ರಿಟಿಷ್ ಇಂಡಿಯಾದ ರೂಪಾಯಿ ಸುಲಭವಾಗಿ ದೊರೆಯುವಂಥದು. ೧೮೩೫ರಲ್ಲಿ ಏಕರೂಪದ ರೂಪಾಯಿ ಬಂದಂದಿನಿಂದ ನಾಲ್ಕನೆಯ ವಿಲಿಯಂ, ವಿಕ್ಟೋರಿಯಾ, ಏಳನೆಯ ಎಡ್ವರ್ಡ್, ಐದನೆಯ ಮತ್ತು ಆರನೆಯ ಜಾರ್ಜ್ ಇವರ ಮುಖಗಳನ್ನು ಸಾಲಾಗಿ ಜೋಡಿಸಬಹುದು. ೧೯೧೧ರ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಜನ ಆಕ್ಷೇಪಿಸಿದುದರಿಂದ ಮರುವರ್ಷವೇ ಅಚ್ಚನ್ನು ತಿದ್ದಬೇಕಾಯಿತೆಂಬ ವೃತ್ತಾಂತ ಸ್ವಾರಸ್ಯವಾಗಿದೆ. ಆದರೆ ಈ ನಾಣ್ಯಗಳು ಕರಾಚಿಯಿಂದ ಕಲ್ಕತ್ತೆಯವರೆಗೆ ಒಂದೇ ರೂಪದಲ್ಲಿ ನಡೆದವು. ಒಂದು ಪ್ರಾಂತದ ಕಥೆಯನ್ನು ಅವು ಹೇಳಲಾರವು. ಆ ಕಥೆ ಬೇಕೆನ್ನುವವನು ಸಂಸ್ಥಾನದ ನಾಣ್ಯಕ್ಕೇ ಬರಬೇಕು.

೩

‘ಹಾಲಿ’ ಎಂಬ ಮಾತಿಗೆ ಕನ್ನಡಿಗನಿಗೆ ಅರ್ಥ ಹೇಳಬೇಕಾಗಿಲ್ಲ. ಈಗ ನಡೆಯುತ್ತಿರುವುದು ಹಾಲಿ; ಹಾಲಿ ಸಿಕ್ಕಾ ಎಂದರೆ ಚಲಾವಣೆಯಲ್ಲಿರುವ ಮುದ್ರೆ. ಹಿಂದಿನ ಮುದ್ರೆಗಳನ್ನೂ ಹೊರನಾಡಿನ ಮುದ್ರೆಗಳನ್ನೂ ಇದರಿಂದ ಬೇರ್ಪಡಿಸಿ ಹೇಳಬೇಕಾದ ಅಗತ್ಯವಿದ್ದುದರಿಂದಲೇ ಈ ಹೆಸರು ಹುಟ್ಟಿತೆಂಬುದು ಗಮನಾರ್ಹ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ನಿಜಾಮ ರಾಜ್ಯದೊಳಗೆ ನಡೆಯುತ್ತಿದ್ದ ರೂಪಾಯಿ ಒಂದಲ್ಲ, ಹತ್ತಾರು. ಔರಂಗಾಬಾದು, ಎಲಿಚಪುರ, ನಾರಾಯಣಪೇಟೆ, ಗದ್ವಾಲ, ವನಪರ್ತಿ ಇವುಗಳಲ್ಲೆಲ್ಲ ನಾಣ್ಯ ಹೊಡೆಯುತ್ತಿದ್ದರು. ಕನ್ನಡದ ನೆಲದಲ್ಲಿಯೇ ಸುರಪುರಕ್ಕೂ ಕಲ್ಯಾಣಕ್ಕೂ ತಮ್ಮದೇ ಟಂಕಸಾಲೆಗಳಿದ್ದವು. ಚಾಲುಕ್ಯರ ರಾಜಧಾನಿಯಾಗಿ, ಶರಣರ ಕರ್ಮಭೂಮಿಯಾಗಿ ನಮಗೆ ಪರಿಚಿತವಾದ ಕಲ್ಯಾಣದಲ್ಲಿ ನವಾಬರ ಕಾಲಕ್ಕೂ ಬೆಳ್ಳಿಯನ್ನು ಬಡಿದು ರೂಪಾಯಿ ಮಾಡುತ್ತಿದ್ದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದ ವಿಷಯ. ಗದ್ವಾಲದ ರೂಪಾಯಿ ರಾಯಚೂರು ಸೀಮೆಯಲ್ಲಿ ನಡೆಯುತ್ತಿತ್ತು.

ಇಷ್ಟು ಬಗೆಯ ರೂಪಾಯಿಗಳಿದ್ದಲ್ಲಿ ಇವುಗಳ ಬೆಲೆಯನ್ನು ಗೊತ್ತುಮಾಡುವವನು ಚಿನಿವಾರ. ಯಾವ ಊರಿನ ರೂಪಾಯಿ, ಎಷ್ಟು ತೂಕ, ಎಷ್ಟು ಸವೆದಿದೆ ಎಂದು ನೋಡಿ ಅವನು ವಟ್ಟ ಮುರಿದುಕೊಂಡು ಉಳಿದುದನ್ನು ಕೊಡುತ್ತಿದ್ದನು. ಜೋಳ ಮಾರಿ ಬಂದ ರೈತನು ಒಂದು ಬಗೆಯ ರೂಪಾಯಿಯನ್ನು ಪಡೆದು ಸರಕಾರದ ತೀರುವೆಗೆ ಇನ್ನೊಂದು ಬಗೆಯದನ್ನು ತೆರಬೇಕಾದಾಗ ಎರಡರ ನಡುವಿನ ನಷ್ಟ ಅವನ ಪಾಲಿನದಾಗಿತ್ತು.

ಈ ನಾಣ್ಯಗಳೆಲ್ಲವೂ ೧೮೫೮ರವರೆಗೆ ದಿಲ್ಲಿಯ ಮೊಗಲ ಬಾದಶಹನ ಹೆಸರಿನಲ್ಲಿಯೇ ಇದ್ದವು. ಮೊದಲನೆಯ ಆಸಫ್ ಜಾಹನು ೧೭೨೪ರಿಂದ ವಾಸ್ತವವಾಗಿ ಸ್ವತಂತ್ರನಾದರೂ ತನ್ನ ಹೆಸರಿನ ನಾಣ್ಯವನ್ನು ಹೊರಡಿಸಲಿಲ್ಲ. ಅವನ ಉತ್ತರಾಧಿಕಾರಿಗಳೂ ಆ ಮರ್ಯಾದೆಯನ್ನು ಮೀರಲಿಲ್ಲ. ತಮ್ಮ ಹೆಸರಿನ ಒಂದಕ್ಷರವನ್ನು ಮಾತ್ರ ನಾಣ್ಯದ ಮೇಲೆ ಸೇರಿಸುವ ಪದ್ಧತಿ ಬೆಳೆಯಿತು. ನಾಸಿರುದ್ದೌಲನ ರೂಪಾಯಿಯ ಮೇಲೆ ‘ನೂನ್’ ಅಕ್ಷರ ಕಾಣುವುದು ಹೀಗೆ. ೧೮೫೭ರ ಬಂಡಾಯ ಮುಗಿದು ಬಹಾದೂರ್ ಶಹನು ಗಡೀಪಾರಾದ ಮೇಲೆ ಬಾದಶಹನ ಹೆಸರನ್ನು ಅಚ್ಚಿನಿಂದ ತೆಗೆದುಹಾಕಿದರು. ಅದರ ಸ್ಥಾನಕ್ಕೆ ಬಂದುದು ನಿಜಾಮುಲ್‌ಮುಲ್ಕ್ ಆಸಫ್ ಜಾಹ್ ಬಹಾದೂರ್ ಎಂಬ ವಂಶದ ಬಿರುದು. ಅದರೊಡನೆ ೯೨ ಎಂಬ ಅಂಕೆ. ಅರಬ್ಬಿ ಅಕ್ಷರಗಳಿಗೆ ಸಂಖ್ಯಾಮೌಲ್ಯವಿರುವ ಅಬ್ಜದ್ ಪದ್ಧತಿಯಲ್ಲಿ ‘ಮುಹಮ್ಮದ್’ ಎಂಬ ಹೆಸರಿನ ಅಕ್ಷರಗಳು ೪೦, ೮, ೪೦, ೪, ಒಟ್ಟು ೯೨. ಇದನ್ನರಿಯದವರು ಈ ಅಂಕೆಯನ್ನು ವರ್ಷವೆಂದು ಭ್ರಮಿಸುವುದು ಸಾಮಾನ್ಯ.

ಅದೇ ೧೮೫೮ರಲ್ಲಿ ಸುರಪುರದ ವೆಂಕಟಪ್ಪನಾಯಕನು ಬ್ರಿಟಿಷರ ವಿರುದ್ಧ ಎದ್ದು ಮಡಿದನು. ೧೮೬೦ರಲ್ಲಿ ಸುರಪುರ ನಿಜಾಮನಿಗೆ ಸೇರಿತು. ೧೮೫೩ರ ಒಪ್ಪಂದದಿಂದ ಬ್ರಿಟಿಷರ ಕೈಗೆ ಹೋಗಿದ್ದ ರಾಯಚೂರು ದೋಆಬವೂ ಆ ವರ್ಷವೇ ನಿಜಾಮನಿಗೆ ಮರಳಿತು. ೧೮೫೩ರಿಂದ ೧೮೮೩ರವರೆಗೆ ದಿವಾನನಾಗಿದ್ದ ಮೊದಲನೆಯ ಸಾಲಾರ್ ಜಂಗನು ಹೊರಗಿನ ಟಂಕಸಾಲೆಗಳನ್ನು ಕ್ರಮವಾಗಿ ಮುಚ್ಚಿಸಿ ನಾಣ್ಯಾಧಿಕಾರವನ್ನು ರಾಜಧಾನಿಯಲ್ಲಿ ಕೇಂದ್ರೀಕರಿಸಿದನು. ಸುರಪುರದ ಗದ್ದುಗೆಯೂ ಟಂಕಸಾಲೆಯೂ ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ ಕಣ್ಮರೆಯಾದವು. ಹಾಲಿ ಸಿಕ್ಕಾದ ಏಕಚಕ್ರಾಧಿಪತ್ಯ ನಮ್ಮ ಜಿಲ್ಲೆಗಳಲ್ಲಿ ಆರಂಭವಾದುದು ಇಲ್ಲಿಂದ.

ಕೈಯಿಂದ ಬಡಿಯುತ್ತಿದ್ದ ನಾಣ್ಯ ೧೮೯೦ರ ದಶಕದಲ್ಲಿ ಯಂತ್ರಕ್ಕೆ ಬಂದಿತು. ಜನ ಇದನ್ನು ‘ಚರ್ಖಿ’ ಎಂದು ಕರೆದರು. ೧೯೦೩ರಲ್ಲಿ ಸೈಫಾಬಾದಿನಲ್ಲಿ ಹೊಸ ಟಂಕಸಾಲೆ ಸ್ಥಾಪಿತವಾಗಿ, ಚಾರ್‌ಮಿನಾರಿನ ಚಿತ್ರವುಳ್ಳ ರೂಪಾಯಿ ೧೯೦೪ರ ಸುಮಾರಿಗೆ ಹೊರಬಂದಿತು. ಆ ಟಂಕಸಾಲೆ ೧೯೫೦ರಲ್ಲಿ ಭಾರತ ಸರಕಾರಕ್ಕೆ ಸೇರಿ, ೧೯೯೭ರಲ್ಲಿ ಚೆರ್ಲಪಲ್ಲಿಗೆ ಸ್ಥಳಾಂತರವಾಯಿತು. ಸೈಫಾಬಾದಿನ ಹಳೆಯ ಕಟ್ಟಡದಲ್ಲಿ ೨೦೨೨ರಲ್ಲಿ ನಾಣ್ಯ ಸಂಗ್ರಹಾಲಯ ತೆರೆಯಿತು.

೪

ಈಗ ಕಳಪೆಯೆಂಬ ಆಪಾದನೆಯ ವಿಚಾರ. ಹಾಲಿ ರೂಪಾಯಿಯ ತೂಕ ೧೭೨.೫ ಗ್ರೇನ್, ಅಂದರೆ ೧೧.೧೮ ಗ್ರಾಂ, ಸಾವಿರ ಭಾಗದಲ್ಲಿ ೮೧೮ ಭಾಗ ಬೆಳ್ಳಿ. ಕಲದಾರ್ ರೂಪಾಯಿಯ ತೂಕ ೧೮೦ ಗ್ರೇನ್, ಅಂದರೆ ೧೧.೬೬ ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಭಾಗ ಬೆಳ್ಳಿ. ಆದುದರಿಂದ ಮೊದಲನೆಯದರಲ್ಲಿ ಇರುವ ಶುದ್ಧ ಬೆಳ್ಳಿ ೯.೧೪ ಗ್ರಾಂ, ಎರಡನೆಯದರಲ್ಲಿ ೧೦.೬೯ ಗ್ರಾಂ. ಒಂದಕ್ಕೊಂದು ಹೋಲಿಸಿದರೆ ಹಾಲಿ ರೂಪಾಯಿ ಕಡಿಮೆಯೆಂಬುದು ಸ್ಪಷ್ಟ. ಆದರೆ ಇವೆರಡೂ ಸರಿಸಮವೆಂದು ಯಾರೂ ಹೇಳಿರಲಿಲ್ಲವೆಂಬುದನ್ನು ಮರೆಯಬಾರದು. ನೂರು ಕಲದಾರ್ ರೂಪಾಯಿಗೆ ೧೧೬ ರೂಪಾಯಿ ೧೦ ಆಣೆ ೮ ಪೈ ಹಾಲಿ ಎಂಬುದು ನಮ್ಮ ಹಿರಿಯರಿಗೆ ಕಂಠಪಾಠವಾಗಿದ್ದ ದರ. ಇದನ್ನು ಸರಳಗೊಳಿಸಿದರೆ ಆರು ಕಲದಾರಿಗೆ ಏಳು ಹಾಲಿ. ಏಳು ಹಾಲಿ ರೂಪಾಯಿಗಳಲ್ಲಿರುವ ಶುದ್ಧ ಬೆಳ್ಳಿ ೬೪.೦ ಗ್ರಾಂ, ಆರು ಕಲದಾರ್ ರೂಪಾಯಿಗಳಲ್ಲಿರುವುದು ಸುಮಾರು ೬೪.೧೫ ಗ್ರಾಂ. ವ್ಯತ್ಯಾಸ ನೂರಕ್ಕೆ ಕಾಲು ಭಾಗವೂ ಇಲ್ಲ!

ಹೀಗಾಗಿ ವಿನಿಮಯದ ದರ ಲೋಹದ ಅಳತೆಯೊಡನೆ ಕೂದಲೆಳೆಯಷ್ಟು ಅಂತರದಲ್ಲಿ ಹೊಂದಿಕೊಳ್ಳುತ್ತದೆ. ಹಾಲಿ ರೂಪಾಯಿ ಮೋಸದ ನಾಣ್ಯವಾಗಿರಲಿಲ್ಲ. ತನ್ನ ಬೆಲೆಯನ್ನು ತಾನೇ ಸರಿಯಾಗಿ ಹೇಳಿಕೊಳ್ಳುವ, ಸ್ವಲ್ಪ ಚಿಕ್ಕದಾದ ಬೇರೊಂದು ನಾಣ್ಯವಾಗಿತ್ತು. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ೧೮೯೩ರಲ್ಲಿ ಬ್ರಿಟಿಷ್ ಸರಕಾರವು ತನ್ನ ಟಂಕಸಾಲೆಗಳಲ್ಲಿ ಸಾರ್ವಜನಿಕರ ಬೆಳ್ಳಿಯನ್ನು ಸ್ವೀಕರಿಸಿ ನಾಣ್ಯ ಮಾಡಿಕೊಡುವುದನ್ನು ನಿಲ್ಲಿಸಿದ ಮೇಲೆ ಕಲದಾರ್ ರೂಪಾಯಿಯ ಬೆಲೆ ಅದರೊಳಗಿನ ಬೆಳ್ಳಿಯ ಬೆಲೆಯನ್ನು ಮೀರಿ ನಿಂತಿತು. ಆಮೇಲೆ ಆರಕ್ಕೆ ಏಳು ಎಂಬ ದರ ಲೋಹದ ಬಲದಿಂದಲೇ ನಿಲ್ಲುವಂತಿರಲಿಲ್ಲ. ಸಂಸ್ಥಾನದ ಸರಕಾರ ಅದನ್ನು ಪ್ರಯತ್ನಪೂರ್ವಕವಾಗಿ ಕಾಪಾಡಬೇಕಾಗಿತ್ತು. ಬೆಳ್ಳಿಯ ಅಳತೆ ಈ ದರಕ್ಕೆ ಸಲ್ಲುವ ಮಾಪವಾಗಿತ್ತು; ಅದಕ್ಕೆ ಆಧಾರವಾಗಿದ್ದುದು ಸರಕಾರದ ಭರವಸೆ.

ಹಾಗಾದರೆ ಜನರ ಮನಸ್ಸಿನಲ್ಲಿ ಕಳಪೆಯೆಂಬ ಭಾವನೆ ಏಕೆ ಬೇರೂರಿತು? ಉತ್ತರ ಗಡಿಯಲ್ಲಿದೆ. ರಾಯಚೂರಿನಿಂದ ತುಂಗಭದ್ರೆಯನ್ನು ದಾಟಿದರೆ ಆದವಾನಿ, ಬಳ್ಳಾರಿಗಳು ಮದರಾಸು ಆಧಿಪತ್ಯ. ಕಲಬುರ್ಗಿಯಿಂದ ಪಶ್ಚಿಮಕ್ಕೆ ಹೋದರೆ ಸೊಲ್ಲಾಪುರ ಮುಂಬಯಿ ಆಧಿಪತ್ಯ. ಭಾಷೆ ಒಂದೇ, ಬಾಂಧವ್ಯ ಒಂದೇ, ಆದರೆ ನಾಣ್ಯ ಬೇರೆ. ಹೊಳೆಯಾಚೆಯ ಮಗಳ ಮನೆಗೆ ಹೋಗುವ ತಾಯಿಯೂ, ಮಂತ್ರಾಲಯಕ್ಕೆ ಹೋಗುವ ಯಾತ್ರಿಕನೂ ತಮ್ಮ ಗಂಟಿನ ಹಾಲಿಯನ್ನು ಕಲದಾರಾಗಿ ಪರಿವರ್ತಿಸಿಕೊಳ್ಳಬೇಕು. ಪ್ರತಿ ಪರಿವರ್ತನೆಗೂ ಚಿನಿವಾರನ ವಟ್ಟ ತಪ್ಪದು. ನಷ್ಟವಾಗುತ್ತಿದ್ದುದು ಲೋಹದಲ್ಲಲ್ಲ, ಗಡಿಯಲ್ಲಿ. ಹಂಚಿಹೋದ ನಾಡಿನ ಜನ ತಮ್ಮ ಹಂಚಿಕೆಯ ಬೆಲೆಯನ್ನು ಆಣೆ ಪೈಗಳಲ್ಲಿ ತೆರುತ್ತಿದ್ದರು. ಕರ್ನಾಟಕ ಏಕೀಕರಣದ ಇತಿಹಾಸವನ್ನು ಸಭೆ, ನಿರ್ಣಯ, ಚಳವಳಿಗಳ ಮೂಲಕ ಬರೆಯುವುದು ವಾಡಿಕೆ. ಈ ವಟ್ಟದ ಲೆಕ್ಕವೂ ಅದರ ಒಂದು ಅಧ್ಯಾಯವಾಗಲು ಅರ್ಹವೆಂದು ನಮ್ಮ ಅಭಿಪ್ರಾಯ.

ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂದುದರಿಂದ ೧೯೧೮ರಲ್ಲಿ ಸಂಸ್ಥಾನ ಕಾಗದದ ನೋಟನ್ನು ಆರಂಭಿಸಿತು. ಉಸ್ಮಾನಿಯಾ ಸಿಕ್ಕಾದ ನಿರ್ವಹಣೆಗಾಗಿ ೧೯೪೧ರ ಕಾಯಿದೆಯಂತೆ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಹುಟ್ಟಿ ೧೯೪೨ರಲ್ಲಿ ಗನ್‌ಫೌಂಡ್ರಿಯಲ್ಲಿ ವ್ಯವಹಾರ ಪ್ರಾರಂಭಿಸಿತು. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಎಂಬ ಹೆಸರಿನಿಂದ ಬಾಳಿ ೨೦೧೭ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾದುದು ಅದೇ ಸಂಸ್ಥೆ. ೧೯೪೮ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು. ೧೯೫೦ರಿಂದ ಭಾರತದ ರೂಪಾಯಿ ಇಲ್ಲಿಯೂ ನಡೆಯತೊಡಗಿ, ಆ ದಶಕ ಮುಗಿಯುವುದರೊಳಗೆ ಹಾಲಿ ಸಿಕ್ಕಾ ಹಿಂತೆಗೆಯಲ್ಪಟ್ಟಿತು. ೧೯೫೬ರಲ್ಲಿ ಮೂರು ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ೧೯೫೭ರಲ್ಲಿ ನಯಾ ಪೈಸೆ ಬಂದು ಆಣೆಯೂ ಹೋಯಿತು. ಹಾಲಿಯಾಗಿದ್ದುದು ಮಾಜಿಯಾಯಿತು!

೫

ಚಾರ್‌ಮಿನಾರ್ ರೂಪಾಯಿಯ ಇನ್ನೊಂದು ಗುಣವೆಂದರೆ ಫಾರ್ಸಿ ಬಾರದವನೂ ಅರ್ಧ ಗಂಟೆಯ ಅಭ್ಯಾಸದಿಂದ ಅದನ್ನು ಓದಬಲ್ಲನು. ಮುಂಭಾಗದ ನಡುವೆ ಚಾರ್‌ಮಿನಾರು. ಅದರ ಕಮಾನಿನ ಬಾಗಿಲಲ್ಲಿ ಒಂದು ಅಕ್ಷರ. ‘ಮೀಮ್’ ಇದ್ದರೆ ೧೮೬೯ರಿಂದ ೧೯೧೧ರವರೆಗೆ ಆಳಿದ ಮೀರ್ ಮಹಬೂಬ್ ಅಲೀ ಖಾನನದು. ‘ಐನ್’ ಇದ್ದರೆ ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲೀ ಖಾನನದು. ನಾಸಿರುದ್ದೌಲನ ‘ನೂನ್’ ಅಕ್ಷರದ ಪದ್ಧತಿಯೇ ಇಲ್ಲಿ ಬಾಗಿಲೊಳಗೆ ಬಂದು ನಿಂತಿದೆ. ಉಸ್ಮಾನ್ ಅಲಿಯ ಮೊದಲ ನಾಣ್ಯಗಳಲ್ಲಿ ‘ಐನ್’ ಅಕ್ಷರದ ತಲೆ ಮಾತ್ರವಿದ್ದು, ಅನಂತರದವುಗಳಲ್ಲಿ ಪೂರ್ಣಾಕ್ಷರವಿದೆ. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದೇ ಸಂಗ್ರಾಹಕನಿಗೆ ಮೊದಲ ಪಾಠ. ಹಿಂಭಾಗದಲ್ಲಿ ಟಂಕಸಾಲೆಯ ಹೆಸರು, ಅಂದರೆ ಫರ್ಖುಂದಾ ಬುನಿಯಾದ್ ಹೈದರಾಬಾದ್; ಬೆಲೆಯ ನಿರ್ದೇಶ; ಮತ್ತು ದೊರೆ ಪಟ್ಟಕ್ಕೆ ಬಂದಂದಿನಿಂದ ಎಣಿಸಿದ ವರ್ಷ.

ಮುಂಭಾಗದ ವರ್ಷ ಹಿಜರಿಯದು. ಅಂಕೆಗಳನ್ನು ಎಡದಿಂದ ಬಲಕ್ಕೇ ಓದಬೇಕು. ಹಿಜರಿ ವರ್ಷವನ್ನು ೦.೯೭ರಿಂದ ಗುಣಿಸಿ ೬೨೨ನ್ನು ಕೂಡಿದರೆ ಕ್ರಿಸ್ತಶಕ ಹೆಚ್ಚು ಕಡಿಮೆ ದೊರೆಯುತ್ತದೆ. ಹಿಜರಿ ೧೩೩೦ ಹೀಗೆ ೧೯೧೨ ಆಗುತ್ತದೆ. ನಮ್ಮ ಮನೆಗಳಲ್ಲಿ ಉಳಿದಿರುವ ಹಳೆಯ ಪಹಣಿ, ತೀರುವೆ ರಸೀದಿಗಳ ಮೇಲಿನ ವರ್ಷ ಬಹುತೇಕ ಫಸಲಿಯದು. ಅದಕ್ಕೆ ೫೯೦ನ್ನು ಕೂಡಿದರೆ ಕ್ರಿಸ್ತಶಕ. ಎರಡು ಗಣನೆಗಳನ್ನು ಬೆರೆಸಿದವನು ನಾಣ್ಯದ ವರ್ಷವನ್ನು ಒಂದು ದಶಕದಷ್ಟು ತಪ್ಪಾಗಿ ಓದುವ ಸಂಭವವಿದೆ.

ಮಿತವ್ಯಯಿಯು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಇದೇ ಚಾರ್‌ಮಿನಾರಿನ ಮಾದರಿಯಲ್ಲಿ ಎಂಟಾಣೆ, ನಾಲ್ಕಾಣೆಯ ಪಾವಲಿ, ಎರಡಾಣೆಗಳೂ ಬೆಳ್ಳಿಯಲ್ಲಿವೆ. ತೂಕ ಕ್ರಮವಾಗಿ ೫.೫೯, ೨.೭೯, ೧.೪೦ ಗ್ರಾಂ. ರೂಪಾಯಿಗೆ ಹಣ ಸಾಲದಿದ್ದರೆ ಸವೆದ ರೂಪಾಯಿಗಿಂತ ಅಕ್ಷರ ಸ್ಪಷ್ಟವಾಗಿರುವ ಪಾವಲಿ ಮೇಲು. ಆದರೆ ಚಾರ್‌ಮಿನಾರಿನ ಚಿತ್ರವಿದ್ದ ಮಾತ್ರಕ್ಕೆ ಬೆಳ್ಳಿಯೆಂದು ತಿಳಿಯಬಾರದು. ಹಿಜರಿ ೧೩೬೬ ಮತ್ತು ಆ ಮುಂದಿನ ವರ್ಷಗಳ ಎರಡು, ನಾಲ್ಕು, ಎಂಟಾಣೆಗಳು ನಿಕಲ್ ಲೋಹದವು. ಬ್ರಿಟಿಷ್ ನಾಣ್ಯಗಳಲ್ಲಿಯೂ ಹೀಗೆಯೇ: ೧೯೪೦ರಿಂದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು, ೧೯೪೭ರ ರೂಪಾಯಿ ಪೂರ್ತಿ ನಿಕಲ್.

೬

ನಾಣ್ಯವನ್ನು ಕೊಳ್ಳುವಾಗಿನ ಪರೀಕ್ಷೆ ಸಾವಧಾನವಾಗಿ ನಡೆಯಬೇಕು. ಚಾರ್‌ಮಿನಾರಿನ ಸುತ್ತಲಿನ ಚೌಕ, ಲಾಡ್ ಬಜಾರುಗಳಲ್ಲಿಯೂ, ಗುರುವಾರದ ಜುಮೇರಾತ್ ಬಜಾರಿನಲ್ಲಿಯೂ ಹಳೆಯ ನಾಣ್ಯಗಳನ್ನು ಬಟ್ಟೆಯ ಮೇಲೆ ಹರಡಿಕೊಂಡು ಕುಳಿತಿರುತ್ತಾರೆ. ಅಲ್ಲಿ ನಿಜವೂ ನಕಲೂ ಒಟ್ಟಿಗೆ ಇರುತ್ತವೆ. ಪೇಟೆಗೆ ಹೋಗುವ ಮುನ್ನ ಪಬ್ಲಿಕ್ ಗಾರ್ಡನ್ಸಿನ ರಾಜ್ಯ ವಸ್ತುಸಂಗ್ರಹಾಲಯದಲ್ಲಿಯೋ ಸೈಫಾಬಾದಿನ ನಾಣ್ಯ ಸಂಗ್ರಹಾಲಯದಲ್ಲಿಯೋ ನಿಜವಾದ ನಾಣ್ಯವನ್ನು ಒಂದೆರಡು ಬಾರಿ ನೋಡಿಬಂದರೆ ಕಣ್ಣಿಗೆ ಅಭ್ಯಾಸವಾಗುತ್ತದೆ.

ಮೊದಲ ಪರೀಕ್ಷೆ ತೂಕದ್ದು. ಗ್ರಾಮಿನ ನೂರನೆಯ ಭಾಗವನ್ನು ತೋರಿಸುವ ಚಿಕ್ಕ ತಕ್ಕಡಿ ಈಗ ದುಬಾರಿಯಲ್ಲ. ಚಲಾವಣೆಯಿಂದ ಸವೆದ ರೂಪಾಯಿ ೧೧.೧೮ ಗ್ರಾಮಿಗಿಂತ ತುಸು ಕಡಿಮೆ ತೂಗಬಹುದು. ಹೆಚ್ಚು ತೂಗಿದರೆ ಸಂಶಯಪಡಬೇಕು. ಎರಡನೆಯದು ಅಯಸ್ಕಾಂತ: ಬೆಳ್ಳಿ ಅದಕ್ಕೆ ಅಂಟದು. ಮೂರನೆಯದು ನೀರಿನ ಪರೀಕ್ಷೆ. ತಕ್ಕಡಿಯ ಮೇಲೆ ನೀರಿನ ಬಟ್ಟಲನ್ನಿಟ್ಟು ಅಂಕೆಯನ್ನು ಸೊನ್ನೆಗೆ ತಂದು, ನಾಣ್ಯವನ್ನು ತೆಳುವಾದ ದಾರದಿಂದ ತಳ ಮುಟ್ಟದಂತೆ ನೀರಿನಲ್ಲಿ ಮುಳುಗಿಸಿ ಹಿಡಿಯಬೇಕು. ಆಗ ತಕ್ಕಡಿ ತೋರಿಸುವುದು ನಾಣ್ಯ ಸ್ಥಳಾಂತರಿಸಿದ ನೀರಿನ ತೂಕ. ೮೧೮ರ ಬೆಳ್ಳಿಯ ಸಾಂದ್ರತೆ ಸುಮಾರು ೧೦.೨ ಆದುದರಿಂದ ಪೂರ್ಣ ತೂಕದ ರೂಪಾಯಿಗೆ ಅದು ೧.೧೦ ಗ್ರಾಮಿನ ಆಸುಪಾಸಿನಲ್ಲಿರಬೇಕು. ಅದೇ ತೂಕದ ಜರ್ಮನ್ ಸಿಲ್ವರಿನ ನಕಲಿಗೆ ೧.೩೦ರ ಹತ್ತಿರ ಬರುತ್ತದೆ. ಚಿನಿವಾರನ ಕಿವಿಗೆ ಕೇಳುತ್ತಿದ್ದ ನಾದದ ವ್ಯತ್ಯಾಸ ನಮಗೆ ಕೇಳಿಸದಿದ್ದರೂ ಈ ಅಂಕೆಯ ವ್ಯತ್ಯಾಸ ಎಲ್ಲರಿಗೂ ಕಾಣುತ್ತದೆ.

ನಾಲ್ಕನೆಯದು ಕಣ್ಣಿನ ಪರೀಕ್ಷೆ. ಅಚ್ಚಿನಿಂದ ಹೊಡೆದ ನಾಣ್ಯದ ಅಕ್ಷರಗಳ ಅಂಚು ಚೂಪಾಗಿರುತ್ತದೆ. ಎರಕ ಹೊಯ್ದ ನಕಲಿನಲ್ಲಿ ಅಂಚು ಮೊಂಡಾಗಿದ್ದು ಮೈಮೇಲೆ ಸೂಕ್ಷ್ಮ ರಂಧ್ರಗಳೂ ಬದಿಯಲ್ಲಿ ಬೆಸುಗೆಯ ಗೆರೆಯೂ ಕಾಣುವುದುಂಟು. ನಿಜವಾದ ನಾಣ್ಯದಲ್ಲಿಯೂ ಕುಂದುಗಳಿರಬಹುದು. ನಮ್ಮ ಹೆಣ್ಣುಮಕ್ಕಳು ರೂಪಾಯಿಗಳಿಗೆ ಕೊಂಡಿ ಬೆಸೆದು ಸರ ಮಾಡಿಕೊಳ್ಳುತ್ತಿದ್ದುದರಿಂದ ಅನೇಕ ನಾಣ್ಯಗಳಲ್ಲಿ ರಂಧ್ರ ಮುಚ್ಚಿದ, ಕೊಂಡಿ ಕಿತ್ತ ಗುರುತು ಉಳಿದಿರುತ್ತದೆ. ದೀಪಾವಳಿಯ ಲಕ್ಷ್ಮೀಪೂಜೆಗೆ ವರ್ಷವರ್ಷವೂ ಹುಣಿಸೆಹಣ್ಣು ಹಚ್ಚಿ ಉಜ್ಜಿದ ನಾಣ್ಯ ಥಳಥಳಿಸುತ್ತದೆ, ಆದರೆ ಅದರ ಮೈ ಹೋಗಿರುತ್ತದೆ. ಕಾಲಕ್ರಮದಲ್ಲಿ ಬಂದ ಕಪ್ಪು ಛಾಯೆಯೇ ನಾಣ್ಯಕ್ಕೆ ರಕ್ಷೆ. ಕೊಂಡ ಮೇಲೆ ಅದನ್ನು ತೊಳೆಯಬಾರದು, ಉಜ್ಜಬಾರದು, ಅಂಚನ್ನು ಮಾತ್ರ ಹಿಡಿಯಬೇಕು, ಪಿ.ವಿ.ಸಿ. ಚೀಲದಲ್ಲಿಡದೆ ಆಮ್ಲರಹಿತ ಕಾಗದದಲ್ಲಿಡಬೇಕು.

೭

ಬೆಲೆಯ ವಿಚಾರದಲ್ಲಿ ಬ್ಯಾಂಕಿನ ವೃತ್ತಿಯವನಾಗಿ ಒಂದು ಮಾತನ್ನು ಹೇಳಬಹುದು. ನಾಣ್ಯದ ಬೆಲೆಯನ್ನು ಎರಡಾಗಿ ಒಡೆದು ನೋಡಬೇಕು: ಒಂದು ಲೋಹದ ಬೆಲೆ, ಇನ್ನೊಂದು ಅದರ ಮೇಲಿನ ಬೆಲೆ. ಆ ದಿನದ ಬೆಳ್ಳಿಯ ಗ್ರಾಂ ದರವನ್ನು ೯.೧೪ರಿಂದ ಗುಣಿಸಿದರೆ ಹಾಲಿ ರೂಪಾಯಿಯ ಲೋಹದ ಬೆಲೆ ತಿಳಿಯುತ್ತದೆ. ಲೆಕ್ಕದ ಅನುಕೂಲಕ್ಕಾಗಿ ಗ್ರಾಮಿಗೆ ನೂರು ರೂಪಾಯಿಯೆಂದು ಹಿಡಿದರೆ ಇದು ೯೧೪. ಮಾರುವವನು ಕೇಳುವ ಹಣದಲ್ಲಿ ಇದನ್ನು ಕಳೆದು ಉಳಿದುದನ್ನು ಕುರಿತು ಯೋಚಿಸಬೇಕು: ಇಷ್ಟನ್ನು ನಾವು ಏತಕ್ಕಾಗಿ ಕೊಡುತ್ತಿದ್ದೇವೆ, ವಿರಳವಾದ ವರ್ಷಕ್ಕೋ, ಸವೆಯದ ಮೈಗೋ, ಮಾತಿನ ಚಮತ್ಕಾರಕ್ಕೋ? ಸಾಧಾರಣ ವರ್ಷದ, ಸಾಧಾರಣವಾಗಿ ಸವೆದ ಚಾರ್‌ಮಿನಾರ್ ರೂಪಾಯಿಗೆ ಲೋಹದ ಬೆಲೆಯ ಮೇಲೆ ಬಹಳ ಕೊಡಬೇಕಾದ ಕಾರಣವಿಲ್ಲ. ಇದರಿಂದ ಕೊಳ್ಳುವವನಿಗೆ ನಷ್ಟದ ಭಯವೂ ಕಡಿಮೆ. ಲಾಭದ ಆಸೆಯಿಂದ ಕೊಳ್ಳುವವನಿಗೆ ಬೆಳ್ಳಿಯ ಗಟ್ಟಿಯೇ ಮೇಲು. ನಾಣ್ಯ ಓದುವವನಿಗೆ ಸಲ್ಲತಕ್ಕದ್ದು.

ಕಾನೂನನ್ನೂ ತಿಳಿದಿರಬೇಕು. ೧೯೭೨ರ ಪುರಾತನ ವಸ್ತುಗಳ ಕಾಯಿದೆಯಂತೆ ನೂರು ವರ್ಷ ಕಳೆದ ನಾಣ್ಯ ಪುರಾತನ ವಸ್ತು; ಅದನ್ನು ಖಾಸಗಿ ವ್ಯಕ್ತಿಗಳು ದೇಶದ ಹೊರಕ್ಕೆ ಕಳುಹಿಸುವಂತಿಲ್ಲ. ‘ಮೀಮ್’ ಅಕ್ಷರದ ರೂಪಾಯಿಗಳೆಲ್ಲವೂ ಈ ವಯಸ್ಸನ್ನು ದಾಟಿವೆ. ವಿದೇಶದಲ್ಲಿರುವ ಮಕ್ಕಳ ಕೈಗೆ ನೆನಪಿನ ಕಾಣಿಕೆಯಾಗಿ ಕೊಟ್ಟು ಕಳುಹಿಸುವ ತಂದೆತಾಯಿಗಳು ಇದನ್ನು ಮನಗಾಣಬೇಕು. ಹೊಲದಲ್ಲಿಯೋ ಹಳೆಯ ಗೋಡೆಯಲ್ಲಿಯೋ ಸಿಕ್ಕಿದ ನಿಧಿಯನ್ನು ೧೮೭೮ರ ನಿಧಿ ಕಾಯಿದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಗಡಿಗೆಯಲ್ಲಿ ಸಿಕ್ಕಿದ ನಾಣ್ಯಗಳು ಒಟ್ಟಿಗಿದ್ದರೆ ಮಾತ್ರ ಇತಿಹಾಸ. ಹಂಚಿಹೋದರೆ ಬರಿಯ ಬೆಳ್ಳಿ.

೮

ಕೊನೆಯದಾಗಿ ಒಂದು ವಿಜ್ಞಾಪನೆ. ಬೆಳ್ಳಿಯ ಬೆಲೆ ಏರಿದಾಗಲೆಲ್ಲ ಮನೆಗಳ ಹಳೆಯ ರೂಪಾಯಿಗಳು ಅಕ್ಕಸಾಲೆಯ ಮೂಸೆಗೆ ಹೋಗುತ್ತವೆ. ತೂಕಕ್ಕೆ ಹಾಕಿ ದೀಪವನ್ನೋ ತಟ್ಟೆಯನ್ನೋ ಮಾಡಿಸಿಕೊಳ್ಳುವುದು ಮನೆಯವರ ದೃಷ್ಟಿಯಿಂದ ತಪ್ಪಲ್ಲ. ಆದರೆ ಕರಗುವ ಮುನ್ನ ಅವು ಹೇಳಬಹುದಾದುದನ್ನು ಯಾರೂ ಬರೆದುಕೊಳ್ಳುವುದಿಲ್ಲವೆಂಬುದೇ ವಿಷಾದದ ಸಂಗತಿ. ಮೈ ಸವೆಯದ ರೂಪಾಯಿಗೆ ಪೇಟೆಯಲ್ಲಿ ಬೆಲೆ ಹೆಚ್ಚು. ಇತಿಹಾಸದ ಪೇಟೆಯಲ್ಲಿ ಮಾತ್ರ ಲಿಂಗಸುಗೂರಿನಲ್ಲಿಯೋ ಭಾಲ್ಕಿಯಲ್ಲಿಯೋ ಇಂಥ ವರ್ಷ ಇಂಥವರ ಮದುವೆಯಲ್ಲಿ ಕೊಟ್ಟುದು ಎಂದು ಬರೆದಿಟ್ಟ, ರಂಧ್ರವಿರುವ ರೂಪಾಯಿಗೆ ಬೆಲೆ ಹೆಚ್ಚು. ಎಲ್ಲಿಯ ನಾಣ್ಯ ಎಲ್ಲಿಯವರೆಗೆ ಸಾಗಿತು, ಸುರಪುರದ ರೂಪಾಯಿ ಯಾವ ಊರಿನ ಪೆಟ್ಟಿಗೆಯಲ್ಲಿ ಉಳಿಯಿತು, ಗಡಿಯಲ್ಲಿ ಹಾಲಿ ಕಲದಾರುಗಳು ಹೇಗೆ ಬೆರೆತವು ಎಂಬುದನ್ನು ಸರಕಾರದ ದಾಖಲೆಗಳಷ್ಟೇ ಹೇಳಲಾರವು.

ಆದುದರಿಂದ ಈ ನಗರದ ಕನ್ನಡಿಗರು ಮೊದಲು ಪೇಟೆಗೆ ಹೋಗುವ ಬದಲು ತಮ್ಮ ಮನೆಯ ದೇವರ ಪೆಟ್ಟಿಗೆಯನ್ನು ತೆರೆದು ನೋಡುವುದು ಒಳ್ಳೆಯದು. ಅಲ್ಲಿ ಸಿಕ್ಕಿದ ಪ್ರತಿಯೊಂದು ನಾಣ್ಯಕ್ಕೂ ಒಂದು ಚೀಟಿಯಿರಲಿ: ಬಾಗಿಲಿನ ಅಕ್ಷರ, ಹಿಜರಿ ವರ್ಷ, ತೂಕ, ಯಾವ ಊರು, ಯಾರ ಕೈಯಿಂದ ಯಾರ ಕೈಗೆ ಬಂದುದು, ಏತಕ್ಕಾಗಿ ಉಳಿಸಿದುದು. ಏನೂ ಸಿಕ್ಕದವರು ಒಂದು ‘ಮೀಮ್’ ರೂಪಾಯಿಯನ್ನೋ ಒಂದು ‘ಐನ್’ ಪಾವಲಿಯನ್ನೋ ಪರೀಕ್ಷಿಸಿ ಕೊಂಡು ಅದಕ್ಕೂ ಚೀಟಿ ಬರೆದಿಡಲಿ. ಇಂತಹ ಚೀಟಿಗಳ ಪ್ರತಿಗಳನ್ನು ಸಂಘದ ಗ್ರಂಥಾಲಯದಲ್ಲಿ ಒಟ್ಟುಗೂಡಿಸಿದರೆ, ಮೂರು ಜಿಲ್ಲೆಗಳ ಹಣದ ಇತಿಹಾಸವನ್ನು ಬರೆಯಲು ಮುಂದೆ ಹೊರಡುವವನಿಗೆ ಬೇರೆಲ್ಲಿಯೂ ದೊರೆಯದ ಸಾಮಗ್ರಿ ಅಲ್ಲಿ ದೊರೆಯುವುದು. ಹಾಲಿಯ ಲೆಕ್ಕವನ್ನು ಕೈಯಾರೆ ಮಾಡಿದವರು ಈಗ ಬೆರಳೆಣಿಕೆಯಷ್ಟು ಮಂದಿ ಮಾತ್ರ ಉಳಿದಿದ್ದಾರೆ. ಚೀಟಿಯ ಕೊನೆಯ ಸಾಲನ್ನು ತುಂಬಿಸಬಲ್ಲವರು ಅವರು. ಅವರನ್ನು ಕೇಳುವ ಕೆಲಸ ಮೊದಲಾಗಬೇಕು.